ಹೆಡ್ಜಿಂಗ್‌ನಲ್ಲಿ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಕೇಳುವುದನ್ನು ನಿಲ್ಲಿಸಿ

ವಿಮಾನಯಾನ ಕಂಪನಿಗಳ ನಿರ್ದೇಶಕ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ನಿರ್ದೇಶಕರೇ,

ನಾನು ವಿಮಾನ ಹಾರಿಸಿದವನಲ್ಲ, ಟಿಕೆಟ್ ಮಾರಿದವನೂ ಅಲ್ಲ. ಒಂದು ವಿಮಾನಯಾನ ಕಂಪನಿಯಲ್ಲಿ ಇಂಧನ ಕೊಳ್ಳುವ, ಅದರ ಬೆಲೆಯ ಏರಿಳಿತದಿಂದ ಕಂಪನಿಯನ್ನು ಕಾಯುವ (ಹೆಡ್ಜಿಂಗ್ ಎಂದರೆ ಇದೇ) ಮೇಜಿನಲ್ಲಿ ವರ್ಷಗಟ್ಟಲೆ ಕೂತವನು. ಮೂರು ತಿಂಗಳಿಗೊಮ್ಮೆ ಮಂಡಳಿಯ ಮುಂದೆ ಫೈಲು ಹಿಡಿದು ನಿಂತಾಗ ಎದುರಾಗುತ್ತಿದ್ದ ಮೊದಲ ಪ್ರಶ್ನೆ ಸದಾ ಒಂದೇ: "ಈ ಸಲ ಹೆಡ್ಜಿಂಗ್‌ನಲ್ಲಿ ಬಂದದ್ದೆಷ್ಟು, ಹೋದದ್ದೆಷ್ಟು?" ಪ್ರಶ್ನೆಯೇ ತಪ್ಪು ಎಂದು ಹೇಳುವ ಧೈರ್ಯ ಆಗ ನನಗಿರಲಿಲ್ಲ. ಉತ್ತರವನ್ನಷ್ಟೇ ಕೊಟ್ಟು ಕೂರುತ್ತಿದ್ದೆ. ಆ ಪ್ರಶ್ನೆ ಕಂಪನಿಗಳನ್ನು ಎಲ್ಲಿಗೆ ತಳ್ಳುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಸುಮ್ಮನಿರಲು ಮನಸ್ಸು ಬಾರದೆ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ವ್ಯವಹಾರದ ಮೂಲ ತೊಡಕು ನಿಮಗೆ ಗೊತ್ತೇ ಇದೆ. ಪ್ರಯಾಣಿಕರು ಮಾರ್ಚ್‌ನಲ್ಲಿ ಟಿಕೆಟ್ ಕೊಳ್ಳುತ್ತಾರೆ, ವಿಮಾನ ಹಾರುವುದು ಜೂನ್‌ನಲ್ಲಿ. ಟಿಕೆಟ್ ದರ ಮಾರ್ಚ್‌ನಲ್ಲೇ ಗಟ್ಟಿಯಾಗಿರುತ್ತದೆ. ಇಂಧನದ ದರ ಗೊತ್ತಾಗುವುದು ಜೂನ್‌ನಲ್ಲಿ ಟ್ಯಾಂಕ್ ತುಂಬುವ ಹೊತ್ತಿಗೆ. ಸಾಮಾನ್ಯವಾಗಿ ಒಟ್ಟು ವೆಚ್ಚದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಂಧನಕ್ಕೇ ಹೋಗುತ್ತದೆ. ಅದರ ಬೆಲೆ ಮಾತ್ರ ನಿಮ್ಮ ಕೈಯಲ್ಲಿಲ್ಲ. ಮಾರ್ಚ್‌ಗೂ ಜೂನ್‌ಗೂ ನಡುವಿನ ಈ ಕಂದಕಕ್ಕೆ ಹಲಗೆ ಹಾಸುವ ಕೆಲಸ ಹೆಡ್ಜಿಂಗ್‌ನದು. ಅದರಿಂದ ಬೇರೇನನ್ನೂ ನಿರೀಕ್ಷಿಸಬಾರದು.

ಒಂದು ಸರಳ ಲೆಕ್ಕ ಹಾಕೋಣ. ಆರು ತಿಂಗಳ ನಂತರ ನಿಮಗೆ 10 ಲಕ್ಷ ಬ್ಯಾರೆಲ್ ಇಂಧನ ಬೇಕು. ವಾಯಿದಾ ಮಾರುಕಟ್ಟೆಯಲ್ಲಿ ಒಂದು ಫ್ಯೂಚರ್ಸ್ ಕಾಂಟ್ರ್ಯಾಕ್ಟ್ (ಮುಂದಿನ ದಿನದ ದರವನ್ನು ಇಂದೇ ಗೊತ್ತುಮಾಡುವ ಒಪ್ಪಂದ) ಎಂದರೆ 1,000 ಬ್ಯಾರೆಲ್. ಹಾಗಾಗಿ 80 ಡಾಲರ್ ದರದಲ್ಲಿ 1,000 ಕಾಂಟ್ರ್ಯಾಕ್ಟ್ ಕೊಂಡಿರಿ ಎನ್ನಿ. ಇಂಧನವೂ ಫ್ಯೂಚರ್ಸೂ ಒಂದೇ ಹೆಜ್ಜೆ ಹಾಕುತ್ತವೆ ಎಂದು ಸದ್ಯಕ್ಕೆ ಒಪ್ಪಿಕೊಳ್ಳೋಣ. ಬೆಲೆ 100ಕ್ಕೆ ಏರಿದರೆ ಇಂಧನಕ್ಕೆ 2 ಕೋಟಿ ಡಾಲರ್ ಹೆಚ್ಚು ಕೊಡುತ್ತೀರಿ, ಫ್ಯೂಚರ್ಸ್‌ನಿಂದ ಅಷ್ಟೇ 2 ಕೋಟಿ ಬರುತ್ತದೆ. ಬೆಲೆ 60ಕ್ಕೆ ಇಳಿದರೆ ಫ್ಯೂಚರ್ಸ್‌ನಲ್ಲಿ 2 ಕೋಟಿ ಹೋಗುತ್ತದೆ, ಇಂಧನದ ಬಿಲ್ಲಿನಲ್ಲಿ ಅಷ್ಟೇ 2 ಕೋಟಿ ಉಳಿಯುತ್ತದೆ. ಹೇಗೇ ಆದರೂ ನಿಮಗೆ ಬಿದ್ದ ದರ 80. ಟಿಕೆಟ್ ದರ ಗೊತ್ತುಮಾಡುವಾಗ ನೀವು ಇಟ್ಟುಕೊಂಡ ಲೆಕ್ಕವೂ 80.

ಆದರೆ ನಿಮ್ಮ ಮುಂದೆ ಬರುವ ಹಾಳೆಯಲ್ಲಿ ಈ ಎರಡು ಸಂಗತಿಗಳು ಒಟ್ಟಿಗೆ ಇರುವುದಿಲ್ಲ. ಉಳಿದ 2 ಕೋಟಿ ಇಂಧನ ವೆಚ್ಚದ ದೊಡ್ಡ ಮೊತ್ತದೊಳಗೆ ಕರಗಿ, "ಇಂಧನ ಅಗ್ಗವಾಯಿತು" ಎಂಬ ಸಂತೋಷದ ಸಾಲಾಗಿ ಎಲ್ಲೋ ಇರುತ್ತದೆ. ಹೋದ 2 ಕೋಟಿ ಮಾತ್ರ "ಹೆಡ್ಜಿಂಗ್ ನಷ್ಟ" ಎಂಬ ಹೆಸರು ಹೊತ್ತು ಬೇರೆ ಸಾಲಿನಲ್ಲಿ ನಿಲ್ಲುತ್ತದೆ. ಆ ಸಾಲಿಗೊಬ್ಬ ಹೊಣೆಗಾರ ಇರುತ್ತಾನೆ, ಅವನು ಬಾಗಿಲ ಬಳಿ ಫೈಲು ಹಿಡಿದು ನಿಂತಿರುತ್ತಾನೆ. ಬೈಸಿಕೊಂಡವನು ಮುಂದಿನ ಸಲ ಏನು ಮಾಡುತ್ತಾನೆ? ಬೆಲೆ ಇಳಿಯುವಾಗ ಹೆಡ್ಜ್ ಮಾಡಲು ಹೆದರುತ್ತಾನೆ. ಬೆಲೆ ಏರುವಾಗ "ಯಾಕೆ ಮಾಡಲಿಲ್ಲ" ಎಂಬ ಪ್ರಶ್ನೆಗೆ ಹೆದರಿ ಎದ್ದುಬಿದ್ದು ಕೊಳ್ಳುತ್ತಾನೆ. ಅಗ್ಗದಲ್ಲಿ ಬಿಟ್ಟು ದುಬಾರಿಯಲ್ಲಿ ಹಿಡಿಯುವ ಚಾಳಿಯನ್ನು ಆ ಮೇಜಿಗೆ ಕಲಿಸುವವರು ನೀವೇ, ಆ ಒಂದು ಪ್ರಶ್ನೆಯ ಮೂಲಕ.

2008ರಲ್ಲಿ ನಾನಿದ್ದ ಕಂಪನಿಯಲ್ಲಿ ನಡೆದದ್ದು ಇದೇ.

ನಮ್ಮಲ್ಲಿ ಲಿಖಿತ ನೀತಿ ಇತ್ತು. ಮುಂದಿನ 12 ತಿಂಗಳ ಬಳಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಡ್ಜ್ ಮಾಡಬಾರದು, ಅದನ್ನೂ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವಾಗಿ ಕೊಳ್ಳಬೇಕು ಎಂದು. ಹಿಂದಿನ ವರ್ಷ ಬೆಲೆ ಕಡಿಮೆಯಿದ್ದಾಗ "ಸುಮ್ಮನೆ ಯಾಕೆ ದುಡ್ಡು ಕಟ್ಟಿಹಾಕುತ್ತೀರಿ" ಎಂಬ ಮಾತು ಬಂದು ಅದೂ ನಿಧಾನವಾಗಿತ್ತು. 2008ರ ಜನವರಿಯಲ್ಲಿ ಕಚ್ಚಾ ತೈಲ ಮೊದಲ ಬಾರಿಗೆ 100 ಡಾಲರ್ ಮುಟ್ಟಿತು. ಬೇಸಿಗೆಯ ಹೊತ್ತಿಗೆ, ಬೆಲೆ 200 ಆಗುತ್ತದೆ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತಿತ್ತು. ಜುಲೈನಲ್ಲಿ 147 ದಾಟಿತು. ಆ ವಾರದ ಸಭೆಯಲ್ಲಿ ಸದಸ್ಯರೊಬ್ಬರು ಮೇಜಿನ ಮೇಲೆ ಪತ್ರಿಕೆಯ ಹಾಳೆಯೊಂದನ್ನು ಬಿಡಿಸಿ ನನ್ನತ್ತ ತಳ್ಳಿದರು. ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ಹೆಡ್ಜಿಂಗ್‌ನಿಂದ ಉಳಿಸಿದ ಹಣದ ಕಥೆ ಅದರಲ್ಲಿತ್ತು. "ಅವರು ಮಾಡಿದ್ದನ್ನು ನೀವು ಯಾಕೆ ಮಾಡಲಿಲ್ಲ?" ಎಂದರು. ಉತ್ತರಕ್ಕೆ ಯಾರೂ ಕಾಯಲಿಲ್ಲ. ಮೂರು ವಾರದೊಳಗೆ ನಮ್ಮ ಹೆಡ್ಜ್ ಪ್ರಮಾಣ ಮುಕ್ಕಾಲು ದಾಟಿತು.

ಮಾಡಿದ ರೀತಿ ಇನ್ನೂ ಕೆಟ್ಟದಾಗಿತ್ತು. ಬೆಲೆ ಏರಿದರೆ ರಕ್ಷಣೆ ಕೊಡುವ ಕಾಲ್ ಆಪ್ಷನ್‌ಗೆ ಆಗ ಪ್ರೀಮಿಯಂ (ಮೊದಲೇ ಕಟ್ಟುವ ಶುಲ್ಕ) ವಿಪರೀತ. ಆ ಪ್ರೀಮಿಯಂ ಹೊಂದಿಸಲು ನಾವೇ ಪುಟ್ ಆಪ್ಷನ್ ಮಾರಿದೆವು, ಒಂದು ಕಾಲ್‌ಗೆ ಎರಡು ಪುಟ್‌ನಂತೆ. ಅಂದರೆ ಬೆಲೆ ಇಂತಿಷ್ಟಕ್ಕಿಂತ ಕೆಳಗೆ ಹೋದರೆ ವ್ಯತ್ಯಾಸವನ್ನು ಇಮ್ಮಡಿ ಪ್ರಮಾಣದ ಮೇಲೆ ನಾವು ಕಟ್ಟಿಕೊಡುತ್ತೇವೆ ಎಂದು ಬರೆದುಕೊಟ್ಟೆವು. ಇಂಥದ್ದನ್ನು ಬ್ಯಾಂಕಿನವರು "ಖರ್ಚಿಲ್ಲದ" ಏರ್ಪಾಡು ಎನ್ನುತ್ತಾರೆ. ಆ ದಿನ ಕೈಯಿಂದ ದುಡ್ಡು ಹೋಗಲಿಲ್ಲ, ನಿಜ. ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಡಿಸೆಂಬರ್ ಹೊತ್ತಿಗೆ ಕಚ್ಚಾ ತೈಲ 40 ಡಾಲರ್‌ಗಿಂತ ಕೆಳಗಿತ್ತು. ಬೆಳಗ್ಗೆ ಕಚೇರಿಯ ದೀಪ ಹಾಕುವ ಮೊದಲೇ ಬ್ಯಾಂಕಿನ ಸ್ಟೇಟ್‌ಮೆಂಟ್ ಬಂದು ಕೂತಿರುತ್ತಿತ್ತು. ಹಿಂದಿನ ದಿನದ ಬೆಲೆ, ಅದರಂತೆ ನಮ್ಮ ಬಾಕಿ, ಇಂದು ಮಧ್ಯಾಹ್ನದೊಳಗೆ ಆ ಬಾಕಿಗೆ ಭದ್ರತೆಯಾಗಿ ತುಂಬಬೇಕಾದ ಮಾರ್ಜಿನ್ ಹಣ. ಟ್ರೆಷರಿ ವಿಭಾಗದ ನನ್ನ ಸಹೋದ್ಯೋಗಿ ಒಂದು ಹಾಳೆಯಲ್ಲಿ ಪೆನ್ಸಿಲ್‌ನಿಂದ ಎರಡು ಸಾಲು ಎಳೆದುಕೊಂಡಿದ್ದರು. ಎಡಗಡೆ ದಿನದಿನದ ಮಾರ್ಜಿನ್, ಬಲಗಡೆ ಆ ತಿಂಗಳ ಸಂಬಳ, ವಿಮಾನಗಳ ಬಾಡಿಗೆ, ನಿಲ್ದಾಣಗಳ ಶುಲ್ಕ. ಎಡಗಡೆ ಒಂದು ಅಂಕಿ ಸೇರಿದಂತೆಲ್ಲ ಬಲಗಡೆಯದೊಂದನ್ನು ರಬ್ಬರಿನಿಂದ ಅಳಿಸಿ ಕೆಳಗಿನ ವಾರಕ್ಕೆ ಇಳಿಸುತ್ತಿದ್ದರು. ಸಂಬಳದ ಅಂಕಿಯನ್ನು ಎರಡು ಸಲ ಇಳಿಸಿದ್ದರಿಂದ ಆ ಜಾಗದಲ್ಲಿ ಕಾಗದ ತೆಳ್ಳಗಾಗಿ ಬೆಳಕು ತೂರುತ್ತಿತ್ತು.

ನಮ್ಮ ಕಂಪನಿ ಹೇಗೋ ಉಸಿರು ಹಿಡಿದುಕೊಂಡು ಉಳಿಯಿತು. ಆ ವರ್ಷ ಹೀಗೆ ಸಿಕ್ಕಿಬಿದ್ದವರು ನಾವಷ್ಟೇ ಅಲ್ಲ. ಚೈನಾ ಈಸ್ಟರ್ನ್ 2008ರ ಲೆಕ್ಕದಲ್ಲಿ ಇಂಧನ ಹೆಡ್ಜಿಂಗ್‌ಗಾಗಿ ತೋರಿಸಿದ ನಷ್ಟ ಸುಮಾರು 620 ಕೋಟಿ ಯುವಾನ್. ಹಾಂಗ್‌ಕಾಂಗ್‌ನ ಕ್ಯಾಥೆ ಪೆಸಿಫಿಕ್ ಆಗಲೂ ಪೆಟ್ಟು ತಿಂದಿತು. 2014ರ ನಂತರ ಬೆಲೆ ಕುಸಿದಾಗ, ದುಬಾರಿ ದರದಲ್ಲಿ ವರ್ಷಗಟ್ಟಲೆ ಮುಂದಕ್ಕೆ ಮಾಡಿಕೊಂಡಿದ್ದ ಒಪ್ಪಂದಗಳು ಮತ್ತೆ ಅದರ ಕೊರಳಿಗೆ ಸುತ್ತಿಕೊಂಡವು: 2016ರಲ್ಲಿ ಸುಮಾರು 846 ಕೋಟಿ, 2017ರಲ್ಲಿ ಸುಮಾರು 638 ಕೋಟಿ ಹಾಂಗ್‌ಕಾಂಗ್ ಡಾಲರ್. ಬೆಲೆ ಇಳಿದು ಇಂಧನದ ಬಿಲ್ ಕಡಿಮೆಯಾದದ್ದನ್ನು ಇದರ ಎದುರು ಇಡಬೇಕು, ಅದು ನ್ಯಾಯ. ಆದರೆ ಹೆಡ್ಜ್ ಮಾಡದ ಪೈಪೋಟಿದಾರರು ಅಷ್ಟರಲ್ಲಿ ಟಿಕೆಟ್ ದರ ಇಳಿಸಿಬಿಟ್ಟಿರುತ್ತಾರೆ. ನಾಲ್ಕು ವರ್ಷ ಮುಂದಿನ ದರ ಕಟ್ಟಿಹಾಕುವುದರ ಅಪಾಯ ಅಲ್ಲಿದೆ. ನಿಮ್ಮ ಟಿಕೆಟ್ ಅಷ್ಟು ಮುಂಚೆ ಮಾರಾಟವಾಗಿರುವುದೇ ಇಲ್ಲವಲ್ಲ!

ಇನ್ನು ಆ ಸೌತ್‌ವೆಸ್ಟ್ ಕಥೆ. ಅದನ್ನು ಪೂರ್ತಿ ಓದಬೇಕು. 2005ರಲ್ಲಿ ಅವರ ಬಳಕೆಯ ಸುಮಾರು 85 ಶೇಕಡಾ, ಬ್ಯಾರೆಲ್‌ಗೆ 26 ಡಾಲರ್ ಮಟ್ಟದಲ್ಲಿ ಭದ್ರವಾಗಿತ್ತು. 1998ರಿಂದ 2008ರವರೆಗೆ ಅವರು ಉಳಿಸಿದ್ದು ಸುಮಾರು 350 ಕೋಟಿ ಡಾಲರ್ ಎನ್ನುತ್ತಾರೆ. ಭವಿಷ್ಯ ಕಂಡು ಮಾಡಿದ ಕೆಲಸ ಅದಲ್ಲ. ಬೆಲೆ ಅಗ್ಗವಾಗಿದ್ದಾಗ, ಯಾರಿಗೂ ಹೆಡ್ಜಿಂಗ್ ನೆನಪಿಲ್ಲದಾಗ, ಕೈಯಲ್ಲಿ ನಗದು ಇದ್ದ ಕಂಪನಿಯೊಂದು ತಾಳ್ಮೆಯಿಂದ ಮಾಡಿದ್ದು. ಅದೇ ಸೌತ್‌ವೆಸ್ಟ್ 2008ರ ಮೂರನೇ ತ್ರೈಮಾಸಿಕದಲ್ಲಿ, ಬೆಲೆ ಕುಸಿದು ಒಪ್ಪಂದಗಳ ಮೌಲ್ಯ ಇಳಿದದ್ದರಿಂದ, 17 ವರ್ಷಗಳಲ್ಲಿ ಮೊದಲ ತ್ರೈಮಾಸಿಕ ನಷ್ಟ ತೋರಿಸಿತು. 2025ರಲ್ಲಿ ಹೆಡ್ಜಿಂಗ್ ಅನ್ನೇ ಕೈಬಿಟ್ಟಿತು. ಆ ಪತ್ರಿಕೆಯ ಹಾಳೆಯಲ್ಲಿದ್ದದ್ದು ಮೊದಲಿನ ಅರ್ಧ ಮಾತ್ರ.

ಇಲ್ಲಿ ನಿಮ್ಮ ಗಮನಕ್ಕೆ ತರಬೇಕಾದ, ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಒಂದು ಸಂಗತಿ ಇದೆ. ತೈಲ ಬೆಲೆ ಏರಿಳಿಯುವುದಕ್ಕೆ ಎರಡು ಬಗೆಯ ಕಾರಣಗಳಿರುತ್ತವೆ, ಅವೆರಡೂ ನಿಮ್ಮನ್ನು ಬೇರೆ ಬೇರೆ ರೀತಿಯಲ್ಲಿ ತಟ್ಟುತ್ತವೆ. ಯುದ್ಧದಿಂದಲೋ ಪೂರೈಕೆ ನಿಂತಿದ್ದರಿಂದಲೋ ಬೆಲೆ ಏರಿದರೆ, 1990ರಲ್ಲಿ ಇರಾಕ್ ಕುವೈತ್‌ಗೆ ನುಗ್ಗಿದಾಗ ಆದಂತೆ, ಇಂಧನ ದುಬಾರಿಯಾಗುತ್ತದೆ, ಪ್ರಯಾಣಿಕರೂ ಕಡಿಮೆಯಾಗುತ್ತಾರೆ. ಆಗ ಹೆಡ್ಜ್ ನಿಜವಾದ ಆಪದ್ಬಾಂಧವ. ಆದರೆ ಜಗತ್ತಿನ ಆರ್ಥಿಕತೆ ಚೆನ್ನಾಗಿದ್ದು ಬೇಡಿಕೆಯಿಂದ ಬೆಲೆ ಏರಿದರೆ ನಿಮ್ಮ ವಿಮಾನಗಳೂ ತುಂಬಿರುತ್ತವೆ, ದರ ಏರಿಸಿದರೂ ಜನ ಕೊಡುತ್ತಾರೆ. ಅದೇ ಆರ್ಥಿಕತೆ ಕುಸಿದರೆ ಇಂಧನ ಅಗ್ಗವಾಗುವ ಹೊತ್ತಿಗೇ ಸೀಟುಗಳು ಖಾಲಿಯಾಗಿರುತ್ತವೆ. ಅಂದರೆ ಬೇಡಿಕೆಯ ಏರಿಳಿತಕ್ಕೆ ನಿಮ್ಮ ವ್ಯವಹಾರದಲ್ಲೇ ಅಷ್ಟಿಷ್ಟು ರಕ್ಷಣೆ ಇದೆ. ಪೂರ್ತಿ ಇಂಧನವನ್ನು ಫ್ಯೂಚರ್ಸ್‌ನಲ್ಲಿ ಕಟ್ಟಿಹಾಕಿದರೆ ಆ ಸಹಜ ರಕ್ಷಣೆಯನ್ನು ಕೈಯಾರೆ ಕಳೆದುಕೊಳ್ಳುತ್ತೀರಿ: ಟಿಕೆಟ್ ಮಾರಾಟವಾಗದ ತಿಂಗಳಲ್ಲೇ ಮಾರ್ಜಿನ್ ಕೇಳಿ ಫೋನ್ ಬರುತ್ತದೆ. ನಮ್ಮ ಆ ಡಿಸೆಂಬರ್ ಹಾಗೇ ಇತ್ತು. ಒಂದು ಭಾಗಕ್ಕಾದರೂ ಬರೀ ಕಾಲ್ ಆಪ್ಷನ್ ಕೊಳ್ಳಿ ಎಂದು ನಾನು ಹೇಳುವುದು ಈ ಕಾರಣಕ್ಕೇ. ಪ್ರೀಮಿಯಂ ಕೊಡುವಾಗ ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಹೋಗುವುದು ಅಷ್ಟೇ, ಅದಕ್ಕಿಂತ ಒಂದು ಕಾಸೂ ಹೆಚ್ಚಿಲ್ಲ ಎಂಬುದು ಮೊದಲ ದಿನವೇ ಗೊತ್ತಿರುತ್ತದೆ.

ಇಂಧನವೂ ಫ್ಯೂಚರ್ಸೂ ಒಂದೇ ಹೆಜ್ಜೆ ಹಾಕುತ್ತವೆ ಎಂದು ಮೇಲೆ ಒಪ್ಪಿಕೊಂಡೆವಲ್ಲ, ವಾಸ್ತವದಲ್ಲಿ ಹಾಗಿಲ್ಲ. ವಿಮಾನ ಇಂಧನಕ್ಕೆಂದೇ ದಟ್ಟವಾಗಿ ವಹಿವಾಟಾಗುವ ಫ್ಯೂಚರ್ಸ್ ದೊಡ್ಡ ವಿನಿಮಯ ಕೇಂದ್ರಗಳಲ್ಲಿ ಇಲ್ಲ. ಇರುವುದು ಕಚ್ಚಾ ತೈಲದ ಕಾಂಟ್ರ್ಯಾಕ್ಟ್‌ಗಳು, ನ್ಯೂಯಾರ್ಕ್‌ನಲ್ಲಿ 1978ರಿಂದ ನಡೆದುಬಂದ ಹೀಟಿಂಗ್ ಆಯಿಲ್ (ಮನೆ ಬೆಚ್ಚಗಿಡಲು ಉರಿಸುವ ಎಣ್ಣೆ) ಕಾಂಟ್ರ್ಯಾಕ್ಟ್ (ಈಗ ಅದು ಡೀಸೆಲ್), ಯುರೋಪಿನ ಗ್ಯಾಸಾಯಿಲ್ (ಅಲ್ಲಿನ ಡೀಸೆಲ್). ಡೀಸೆಲ್ಲೂ ಸೀಮೆಎಣ್ಣೆಯ ಜಾತಿಗೆ ಸೇರಿದ ವಿಮಾನ ಇಂಧನವೂ ಸಂಸ್ಕರಣಾಗಾರದಲ್ಲಿ ಹೆಚ್ಚುಕಡಿಮೆ ಒಂದೇ ಹಂತದಲ್ಲಿ ಬೇರ್ಪಡುವ ಒಡಹುಟ್ಟುಗಳು. ಹಾಗಾಗಿ ಹತ್ತಿರದ ತಿಂಗಳುಗಳಿಗೆ ಡೀಸೆಲ್ ಕಾಂಟ್ರ್ಯಾಕ್ಟ್ ಒಳ್ಳೆಯ ಜೊತೆಗಾರ. ದೂರದ ತಿಂಗಳುಗಳಿಗೆ ಅಲ್ಲಿ ವಹಿವಾಟು ತೆಳ್ಳಗಿರುತ್ತದೆ, ಕಚ್ಚಾ ತೈಲದ್ದನ್ನೇ ನೆಚ್ಚಬೇಕು. 2005ರಲ್ಲಿ ಕತ್ರಿನಾ ಚಂಡಮಾರುತ ಅಮೆರಿಕದ ಕರಾವಳಿಯ ಸಂಸ್ಕರಣಾಗಾರಗಳನ್ನು ನಿಲ್ಲಿಸಿದಾಗ ಕಚ್ಚಾ ತೈಲಕ್ಕೂ ವಿಮಾನ ಇಂಧನಕ್ಕೂ ನಡುವಿನ ಅಂತರ ಒಮ್ಮೆಲೇ ಹಿಗ್ಗಿತು. ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ 2022ರಲ್ಲೂ ಹಾಗೇ ಆಯಿತು. ಕಚ್ಚಾ ತೈಲದಲ್ಲಷ್ಟೇ ಹೆಡ್ಜ್ ಮಾಡಿದ್ದವರಿಗೆ ಅರ್ಧ ಕೊಡೆ ಹಿಡಿದಂತಾಯಿತು. ಡೆಲ್ಟಾ ಏರ್‌ಲೈನ್ಸ್ 2012ರಲ್ಲಿ ಪೆನ್ಸಿಲ್ವೇನಿಯಾದ ಟ್ರೇನರ್‌ನಲ್ಲಿ ಸಂಸ್ಕರಣಾಗಾರವನ್ನೇ ಕೊಂಡದ್ದು ಈ ಅಂತರದ ಕಾಟಕ್ಕೇ. ಎಲ್ಲರಿಗೂ ಆಗುವ ದಾರಿ ಅಲ್ಲ ಅದು.

ಎಷ್ಟು ಕಾಂಟ್ರ್ಯಾಕ್ಟ್ ಬೇಕು ಎಂದು ನಿಮ್ಮ ಮೇಜಿನವರು ಲೆಕ್ಕ ತಂದಾಗ ಒಂದು ಮಾತು ಕೇಳಿ: ಎರಡರ ಬೆಲೆಗಳ ನಡುವಿನ ನಂಟನ್ನು ಯಾವ ವರ್ಷಗಳ ಅಂಕಿಗಳಿಂದ ಅಳೆದಿರಿ? ಬೆಲೆಯ ಮಟ್ಟವನ್ನು ಹೋಲಿಸಿದಿರೋ, ವಾರದಿಂದ ವಾರಕ್ಕೆ ಆದ ಬದಲಾವಣೆಯನ್ನೋ? ಮಟ್ಟವನ್ನು ಹೋಲಿಸಿದರೆ ಯಾವುದೂ ಯಾವುದರ ಜೊತೆಗೂ ಚಂದ ಹೊಂದುತ್ತದೆ. ನೆಮ್ಮದಿಯ ವರ್ಷಗಳಿಂದ ಅಳೆದ ನಂಟು ನಿಮಗೆ ಬೇಕಾದ ವಾರದಲ್ಲೇ ಕೈಕೊಡುತ್ತದೆ.

ಇಂಧನ ಎಷ್ಟು ಬೇಕಾಗುತ್ತದೆ ಎಂಬುದೂ ಖಚಿತವಲ್ಲ. 2020ರಲ್ಲಿ ವಿಮಾನಗಳು ನೆಲಕ್ಕೆ ಅಂಟಿದಾಗ, ಹೆಡ್ಜ್ ಇತ್ತು, ಸುಡುವುದಕ್ಕೆ ಇಂಧನದ ಅಗತ್ಯವೇ ಇರಲಿಲ್ಲ. ಬ್ರಿಟಿಷ್ ಏರ್‌ವೇಸ್‌ನ ಮಾತೃಸಂಸ್ಥೆ ಐಎಜಿ ಆ ವರ್ಷದ ಮೊದಲ ತ್ರೈಮಾಸಿಕದಲ್ಲೇ ಇಂಧನ ಮತ್ತು ವಿದೇಶಿ ವಿನಿಮಯದ ಅತಿ ಹೆಡ್ಜ್‌ಗಾಗಿ 130 ಕೋಟಿ ಯೂರೊಗೂ ಹೆಚ್ಚು ಹೊರೆ ಬರೆದುಕೊಂಡಿತು. ಹಾರದ ವಿಮಾನಕ್ಕೆ ಮಾಡಿದ ಹೆಡ್ಜ್ ಹೆಡ್ಜ್ ಅಲ್ಲ, ಅದು ಬೆಲೆಯ ಮೇಲೆ ಕಟ್ಟಿದ ಬಾಜಿ. ಅದೇ ವರ್ಷದ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ಮೇ ತಿಂಗಳ ಕಾಂಟ್ರ್ಯಾಕ್ಟ್ ಸೊನ್ನೆಯನ್ನೂ ದಾಟಿ ಮೈನಸ್ 37.63 ಡಾಲರ್‌ಗೆ ಮುಗಿಯಿತು. ಅವಧಿ ಮುಗಿಯುವ ಕೊನೆಯ ದಿನಗಳವರೆಗೆ ಕಾಂಟ್ರ್ಯಾಕ್ಟ್ ಹಿಡಿದುಕೊಂಡು ಕೂರುವ ಅಭ್ಯಾಸ ನಿಮ್ಮ ಮೇಜಿಗಿದ್ದರೆ ಇಂದೇ ಬಿಡಿಸಿ.

ಹಾಗಾದರೆ ಹೆಡ್ಜಿಂಗ್ ಸಹವಾಸವೇ ಬೇಡ ಎನ್ನುವಿರಾ? ಅದೂ ಗೌರವದ ನೀತಿಯೇ. ಅಮೆರಿಕದ ದೊಡ್ಡ ಕಂಪನಿಗಳು ಬಹುತೇಕ ಆ ದಾರಿ ಹಿಡಿದಿವೆ. ಆದರೆ ಅದನ್ನು ಬಹಿರಂಗವಾಗಿ ಹೇಳಿ, ಬೆಲೆ ಏರಿದಾಗ ತಾಳಿಕೊಳ್ಳುವಷ್ಟು ನಗದು ಇಟ್ಟುಕೊಳ್ಳಿ, ಏರಿದ ದಿನ ಮನಸ್ಸು ಬದಲಿಸಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ನಗದು ಕಡಿಮೆ ಇರುವ ಸಣ್ಣ ಕಂಪನಿಗಳಿಗೆ ಒಂದಷ್ಟು ಹೆಡ್ಜ್ ಬೇಕೇ ಬೇಕು. ಸಂಕಟ ಏನೆಂದರೆ ಅವರಿಗೇ ಬ್ಯಾಂಕುಗಳು ಸಾಲದ ಮಿತಿ ಕೊಡುವುದಿಲ್ಲ, ಮಾರ್ಜಿನ್ ಕಟ್ಟಲು ಅವರಲ್ಲೇ ದುಡ್ಡಿರುವುದಿಲ್ಲ. ಅಂಥವರು ಅಲ್ಪ ಪ್ರಮಾಣಕ್ಕೆ ಆಪ್ಷನ್ ಕೊಂಡು ಸುಮ್ಮನಿರುವುದು ಲೇಸು.

ಮಾರ್ಜಿನ್ ವಿಷಯದಲ್ಲಿ ಹಳೆಯದೊಂದನ್ನು ನೆನಪಿಸುತ್ತೇನೆ. 1993ರಲ್ಲಿ ಜರ್ಮನಿಯ ಮೆಟಲ್‌ಗೆಸೆಲ್‌ಶಾಫ್ಟ್ ಎಂಬ ದೊಡ್ಡ ಕಂಪನಿ, ತಾನು ಗ್ರಾಹಕರಿಗೆ ವರ್ಷಗಟ್ಟಲೆ ನಿಗದಿತ ದರದಲ್ಲಿ ಕೊಡಲು ಒಪ್ಪಿದ್ದ ಇಂಧನಕ್ಕೆ ಅಲ್ಪಾವಧಿಯ ಫ್ಯೂಚರ್ಸ್‌ನಿಂದ ಹೆಡ್ಜ್ ಮಾಡಿತ್ತು. ಬೆಲೆ ಇಳಿಯಿತು. ಗ್ರಾಹಕರಿಂದ ಬರುವ ಲಾಭ ವರ್ಷಗಳ ಆಚೆ, ಮಾರ್ಜಿನ್ ಕಟ್ಟಬೇಕಾದದ್ದು ಅಂದಂದೇ. ನಷ್ಟ 130 ಕೋಟಿ ಡಾಲರ್ ಮುಟ್ಟಿತು. ಕಾಗದದ ಮೇಲೆ ಸರಿಯಿದ್ದ ಹೆಡ್ಜ್ ಅದು ಎಂದು ವಾದಿಸುವವರು ಇಂದಿಗೂ ಇದ್ದಾರೆ. ಕಾಗದದ ಮೇಲೆ ನಮ್ಮದೂ ಅಷ್ಟೋ ಇಷ್ಟೋ ಸರಿಯಿತ್ತು.

ನಿಮ್ಮಲ್ಲಿ ನನ್ನ ಬೇಡಿಕೆಗಳು ದೊಡ್ಡವಲ್ಲ. ಇಂಧನದ ಬಿಲ್ಲನ್ನೂ ಹೆಡ್ಜ್‌ನಿಂದ ಬಂದುಹೋದದ್ದನ್ನೂ ಒಂದೇ ಸಾಲಿಗೆ ತನ್ನಿ, ಬ್ಯಾರೆಲ್‌ಗೆ ಕೊನೆಗೆ ಬಿದ್ದ ದರ ಇಷ್ಟು, ಬಜೆಟ್‌ನಲ್ಲಿ ಇಟ್ಟುಕೊಂಡದ್ದು ಇಷ್ಟು ಎಂದು. ಹೆಡ್ಜ್ ಮಾಡುವ ಪ್ರಮಾಣವನ್ನು ಹಾರಾಟದ ಕನಿಷ್ಠ ಅಂದಾಜಿನ ಮೇಲೆ ನಿಲ್ಲಿಸಿ. ಹತ್ತಿರದ ತಿಂಗಳಿಗೆ ಹೆಚ್ಚು, ದೂರದ್ದಕ್ಕೆ ಕಡಿಮೆ ಇರಲಿ, ಬೆಲೆ ಏರಲಿ ಇಳಿಯಲಿ ತಿಂಗಳು ತಿಂಗಳು ಅಷ್ಟಷ್ಟೇ ಕೊಳ್ಳಲಿ. ಕೊಂಡ ಕಾಲ್‌ಗಿಂತ ಹೆಚ್ಚು ಪ್ರಮಾಣದ ಪುಟ್ ಮಾರುವುದನ್ನು ನೀತಿಯಲ್ಲೇ ನಿಷೇಧಿಸಿ. ಐದಾರು ತಿಂಗಳಲ್ಲಿ ಬೆಲೆ ಮೂರನೇ ಒಂದಕ್ಕೆ ಇಳಿದರೆ ಎಷ್ಟು ಮಾರ್ಜಿನ್ ಬೇಕು ಎಂಬ ಲೆಕ್ಕ ಪ್ರತಿ ಸಭೆಗೂ ಬರಲಿ. ಅದು ಕಟ್ಟುಕಥೆಯ ಅಂಕಿಯಲ್ಲ, 2008ರಲ್ಲಿ ಇಳಿದದ್ದಕ್ಕಿಂತ ಕಡಿಮೆಯೇ. ಒಪ್ಪಂದ ಮಾಡುವವನೇ ಅದರ ಲೆಕ್ಕ ಬರೆಯಬಾರದು. ಮತ್ತೆ, ಹೆಡ್ಜಿಂಗ್ ಲಾಭದ ಮೇಲೆ ಯಾರಿಗೂ ಬೋನಸ್ ಕೊಡಬೇಡಿ, ನಷ್ಟಕ್ಕೆ ಯಾರನ್ನೂ ಬಾಗಿಲ ಬಳಿ ನಿಲ್ಲಿಸಬೇಡಿ. ನೀತಿ ಮೀರಿದ್ದಕ್ಕೆ ಮಾತ್ರ ಕೇಳಿ, ಲಾಭ ಬಂದಿದ್ದರೂ ಕೇಳಿ.

ನೀತಿ ಮೀರಲೇಬೇಕಾದ ದಿನಗಳು ಬರುವುದಿಲ್ಲ ಎನ್ನುತ್ತಿಲ್ಲ. ಬಂದರೆ, ಯಾರು ಹೇಳಿದರು, ಏಕೆ ಹೇಳಿದರು, ಬೆಲೆ ತಿರುಗಿದರೆ ಎಷ್ಟು ಕಟ್ಟಬೇಕಾಗುತ್ತದೆ ಎಂಬುದನ್ನು ಅಂದಿನ ನಡಾವಳಿಯಲ್ಲಿ ಬರೆಯಿಸಿ, ಎಲ್ಲರೂ ಸಹಿ ಮಾಡಿ. 2009ರ ಆರಂಭದಲ್ಲಿ ಲೆಕ್ಕ ಪರಿಶೋಧಕರು ಬಂದಾಗ ನಮ್ಮ ಜುಲೈ ಸಭೆಯ ನಡಾವಳಿ ಪುಸ್ತಕ ತೆರೆಸಿ ನೋಡಿದರು. ಅರ್ಧವನ್ನು ಮುಕ್ಕಾಲಿಗೆ ಏರಿಸಿದ ತೀರ್ಮಾನದ ಬಗ್ಗೆ ಅದರಲ್ಲಿದ್ದದ್ದು ಒಂದೇ ಸಾಲು: "ಇಂಧನ ಪರಿಸ್ಥಿತಿಯನ್ನು ಚರ್ಚಿಸಲಾಯಿತು."

ಇಂತಿ ತಮ್ಮ ವಿಶ್ವಾಸಿ,
ಇಂಧನ ವಿಭಾಗದ ಒಬ್ಬ ಮಾಜಿ ನೌಕರ